ಬಿಡಿವಿ ಚೆನ್ನಾಗಿದೆ, ಗಂಧಕದ ಟೆಸ್ಟ್ ಮಾತ್ರ ಫೇಲ್: ಟ್ರಾನ್ಸ್‌ಫಾರ್ಮರ್ ಎಣ್ಣೆ ಬದಲಿಸಬೇಕಾ?

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯಲ್ಲಿ ಮೀನು ಸಂಸ್ಕರಣೆ ಮತ್ತು ಕೋಲ್ಡ್ ಸ್ಟೋರೇಜ್ ಘಟಕದ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವುದು 5 ಎಂವಿಎ, 33/11 ಕೆವಿ ಟ್ರಾನ್ಸ್‌ಫಾರ್ಮರ್. 2003ರಲ್ಲಿ ತಯಾರಾದದ್ದು, ತಾಮ್ರದ ವೈಂಡಿಂಗ್, ಆನ್‌ಲೋಡ್ ಟ್ಯಾಪ್ ಚೇಂಜರ್ (ಲೋಡ್ ಇರುವಾಗಲೇ ವೋಲ್ಟೇಜ್ ಹೊಂದಿಸುವ ಸ್ವಿಚ್) ಉಂಟು, ಎಣ್ಣೆ 3,500 ಲೀಟರ್. ಈ ಸಲದ ರಿಪೋರ್ಟ್‌ನಲ್ಲಿ ಬಿಡಿವಿ (ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂಬ ಅಳತೆ) 58 ಕೆವಿ, ನೀರಿನ ಅಂಶ 18 ಪಿಪಿಎಂ, ಆಸಿಡಿಟಿ 0.05. ಕರಗಿದ ಅನಿಲದ ಟೆಸ್ಟ್ ಕೂಡ ನಾರ್ಮಲ್. ಆದರೆ ‘ಕೊರೋಸಿವ್ ಸಲ್ಫರ್’ (ಲೋಹವನ್ನು ತಿನ್ನುವ ಗಂಧಕ) ಎಂಬ ಸಾಲಿನಲ್ಲಿ ‘ಕೊರೋಸಿವ್’ ಎಂದು ಬಂದಿದೆ. 2019 ಮತ್ತು 2022ರಲ್ಲಿ ‘ನಾನ್ ಕೊರೋಸಿವ್’ ಇತ್ತು. ಒಬ್ಬರು ಎರಡು ದಿನ ಫಿಲ್ಟರ್ ಮಾಡಿಸಿ, ಸರಿಯಾಗುತ್ತದೆ ಅಂತಾರೆ. ಇನ್ನೊಬ್ಬರು ಪೂರ್ತಿ ಎಣ್ಣೆ ಬದಲಿಸಿ ಅಂತಾರೆ. ಉಳಿದದ್ದೆಲ್ಲ ಚೆನ್ನಾಗಿರುವಾಗ ಇದೊಂದಕ್ಕೆ ಯಾಕೆ ಖರ್ಚು ಅಂತ ನಮ್ಮ ಮ್ಯಾನೇಜರ್ ಕೇಳುತ್ತಾರೆ. ಹತ್ತಿರದ ಫಿಶ್‌ಮೀಲ್ ಕಾರ್ಖಾನೆಗಳ ಗಾಳಿಯಿಂದ ಹೀಗಾಗಿರಬಹುದಾ?

ಉತ್ತರ:

ಸದ್ಯಕ್ಕೆ ಫಿಲ್ಟರ್ ಮಷಿನ್ ತರಿಸಬೇಡಿ, ಹೊಸ ಎಣ್ಣೆಗೂ ಆರ್ಡರ್ ಕೊಡಬೇಡಿ. ಮೊದಲು ಮೂರೂ ವರ್ಷದ ರಿಪೋರ್ಟ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ‘ಕೊರೋಸಿವ್ ಸಲ್ಫರ್’ ಎಂಬ ಸಾಲಿನ ಎದುರು ಟೆಸ್ಟ್ ವಿಧಾನ ಏನೆಂದು ಬರೆದಿದ್ದಾರೆ ನೋಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಈ ಟೆಸ್ಟ್‌ನಲ್ಲಿ ಹಳೆಯದು ಮತ್ತು ಹೊಸದು ಅಂತ ಎರಡಿವೆ. ಎಎಸ್‌ಟಿಎಂ ಎಂಬ ಅಮೆರಿಕದ ಮಾನದಂಡ ಸಂಸ್ಥೆಯ ಡಿ 1275 ಟೆಸ್ಟಿನ ‘ಎ’ ವಿಧಾನದಲ್ಲಿ ಉಜ್ಜಿ ಹೊಳಪು ಮಾಡಿದ ತಾಮ್ರದ ಪಟ್ಟಿಯನ್ನು ಎಣ್ಣೆಯಲ್ಲಿ ಮುಳುಗಿಸಿ 140 ಡಿಗ್ರಿಯಲ್ಲಿ 19 ಗಂಟೆ ಇಡುತ್ತಿದ್ದರು. ಬಹಳ ವರ್ಷ ಇಡೀ ಜಗತ್ತು ಇದನ್ನೇ ನಂಬಿತ್ತು. ಆಮೇಲೆ 2000ದ ದಶಕದಲ್ಲಿ ಬೇರೆ ಬೇರೆ ದೇಶಗಳಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು, ಶಂಟ್ ರಿಯಾಕ್ಟರ್‌ಗಳು ಒಂದರ ಹಿಂದೆ ಒಂದು ಸುಟ್ಟವು. ಬ್ರೆಜಿಲ್‌ನಲ್ಲಿ ಇಂಥ ಪ್ರಕರಣ ಜಾಸ್ತಿ. ಬಿಚ್ಚಿ ನೋಡಿದರೆ ವೈಂಡಿಂಗ್ ಕಾಗದದ ಮೇಲೆ ಬೂದು ಬಣ್ಣದ, ಲೋಹದಂತೆ ಹೊಳೆಯುವ ಪದರ. ಅದು ಕಾಪರ್ ಸಲ್ಫೈಡ್. ಆ ಎಣ್ಣೆಗಳೆಲ್ಲ ಹಳೆ ಟೆಸ್ಟ್‌ನಲ್ಲಿ ಪಾಸಾಗಿದ್ದವೇ. ಹಾಗಾಗಿ 2006ರಲ್ಲಿ ‘ಬಿ’ ವಿಧಾನ ಬಂತು: 150 ಡಿಗ್ರಿ, 48 ಗಂಟೆ. 2015ರ ಆವೃತ್ತಿಯಲ್ಲಿ ಹಳೆಯದನ್ನು ಕೈಬಿಟ್ಟು ಇದೊಂದನ್ನೇ ಉಳಿಸಿಕೊಂಡರು.

ನಿಮ್ಮ 2019 ಮತ್ತು 2022ರ ರಿಪೋರ್ಟ್‌ನಲ್ಲಿ 19 ಗಂಟೆ ಅಂತಲೂ ಈ ಸಲದ್ದರಲ್ಲಿ 48 ಗಂಟೆ ಅಂತಲೂ ಇದ್ದರೆ, ಎಣ್ಣೆ ಈ ಮೂರು ವರ್ಷದಲ್ಲಿ ಕೆಟ್ಟದ್ದಲ್ಲ. ಮೊದಲಿನಿಂದಲೂ ಅದು ಹೀಗೇ ಇತ್ತು, ಈಗ ಸಿಕ್ಕಿಬಿತ್ತು ಅಷ್ಟೇ. ಟ್ರಾನ್ಸ್‌ಫಾರ್ಮರ್ 2003ರದ್ದು ಅಂತ ಬರೆದಿದ್ದೀರಿ. ನನಗೆ ಇದೇ ಅನುಮಾನ ಜಾಸ್ತಿ. ಯಾಕೆಂದರೆ ಸುಮಾರು 1990ರ ದಶಕದಿಂದ 2006ರ ಆಸುಪಾಸಿನ ತನಕ ಮಾರುಕಟ್ಟೆಗೆ ಬಂದ ಕೆಲವು ಎಣ್ಣೆಗಳಲ್ಲಿ ಡೈಬೆಂಜೈಲ್ ಡೈಸಲ್ಫೈಡ್ ಎಂಬ ಗಂಧಕದ ಸಂಯುಕ್ತ ಇತ್ತು. ಲ್ಯಾಬಿನವರು ಡಿಬಿಡಿಎಸ್ ಅನ್ನುತ್ತಾರೆ. ಮೇಲೆ ಹೇಳಿದ ಹಾವಳಿಯ ಮುಖ್ಯ ಆರೋಪಿ ಇದೇ. ಮೂರೂ ಸಲ 48 ಗಂಟೆಯ ಟೆಸ್ಟೇ ಮಾಡಿದ್ದರೆ ಕತೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಮ್ಯಾನೇಜರ್ ಕೇಳಿದ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಬಿಡಿವಿ, ನೀರು, ಆಸಿಡಿಟಿ ಎಲ್ಲ ಸರಿ ಇರುವಾಗ ಹೆದರುವುದು ಯಾಕೆ?

ಎಣ್ಣೆಯಲ್ಲಿ ಗಂಧಕ ಇದ್ದೇ ಇರುತ್ತದೆ. ಕಚ್ಚಾ ತೈಲದಿಂದಲೇ ಬಂದದ್ದು ಅದು. ಅದರಲ್ಲಿ ಹೆಚ್ಚಿನದು ತಾಮ್ರದ ತಂಟೆಗೆ ಹೋಗುವುದಿಲ್ಲ. ಕೆಲವು ಬಗೆಯ ಗಂಧಕ ಎಣ್ಣೆ ಬೇಗ ಹಳಸದಂತೆ ಕಾಯುತ್ತದೆ ಕೂಡ. ಆದರೆ ಡಿಬಿಡಿಎಸ್ ಹಾಗಲ್ಲ. ವೈಂಡಿಂಗ್ ಬಿಸಿಯಾದಾಗ ಅದು ತಾಮ್ರದ ಜೊತೆ ಸೇರಿ ಎಣ್ಣೆಯಲ್ಲಿ ಕರಗುವ ಒಂದು ಸಂಯುಕ್ತ ಆಗುತ್ತದೆ. ಆ ಸಂಯುಕ್ತ ಕಾಗದದೊಳಗೆ ಇಳಿದು, ಅಲ್ಲಿ ಒಡೆದು, ಕಾಪರ್ ಸಲ್ಫೈಡ್ ಆಗಿ ಕೂರುತ್ತದೆ. ಕಾಪರ್ ಸಲ್ಫೈಡ್ ವಿದ್ಯುತ್ ಹರಿಯಬಿಡುವ ವಸ್ತು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ತಡೆಯಾಗಿ ಇರಬೇಕಾದ ಕಾಗದವೇ ದಾರಿ ಬಿಟ್ಟುಕೊಡುತ್ತದೆ. ಒಂದು ದಿನ ಆ ಎರಡು ಸುತ್ತುಗಳ ನಡುವೆ ಶಾರ್ಟ್ ಆಗುತ್ತದೆ.

ಇಷ್ಟೆಲ್ಲ ಆಗುತ್ತಿರುವಾಗ ಎಣ್ಣೆ ಮಾತ್ರ ಚೆನ್ನಾಗೇ ಇರುತ್ತದೆ. ಬಿಡಿವಿ ನೋಡುವುದು ಎಣ್ಣೆಯಲ್ಲಿರುವ ನೀರು ಮತ್ತು ಕಸವನ್ನು. ಆಸಿಡಿಟಿ ನೋಡುವುದು ಎಣ್ಣೆ ಎಷ್ಟು ಹಳಸಿದೆ ಅಂತ. ಕರಗಿದ ಅನಿಲದ ಟೆಸ್ಟ್ ಹಿಡಿಯುವುದು ಈಗಾಗಲೇ ಎಲ್ಲೋ ಅತಿ ಬಿಸಿಯಾಗುತ್ತಿದ್ದರೆ ಅಥವಾ ಕಿಡಿ ಹಾರುತ್ತಿದ್ದರೆ ಅದನ್ನು. ಕಾಗದದ ಮೇಲೆ ಸದ್ದಿಲ್ಲದೆ ಕೂರುವ ಸಲ್ಫೈಡ್ ಇವ್ಯಾವುದರ ಕಣ್ಣಿಗೂ ಬೀಳುವುದಿಲ್ಲ. ಫ್ಯುರಾನ್ ಟೆಸ್ಟ್ ಕಾಗದದ ವಯಸ್ಸು ಹೇಳುತ್ತದೆ, ಅದರ ಮೇಲೆ ಏನು ಕೂತಿದೆ ಅಂತ ಹೇಳುವುದಿಲ್ಲ. ಟ್ಯಾಂಕ್ ಬಿಚ್ಚದೆ ವೈಂಡಿಂಗ್‌ನಲ್ಲಿ ಎಷ್ಟು ಸಲ್ಫೈಡ್ ಇದೆ ಅಂತ ಅಳೆಯುವ ದಾರಿಯೇ ಇಲ್ಲ. ಆದ್ದರಿಂದ ‘ಉಳಿದದ್ದೆಲ್ಲ ಚೆನ್ನಾಗಿದೆ’ ಎಂಬುದು ಇಲ್ಲಿ ಸಮಾಧಾನದ ಮಾತಾಗುವುದಿಲ್ಲ. ಮ್ಯಾನೇಜರ್‌ಗೆ ಇದನ್ನೇ ಹೇಳಿ.

ಹಾಗಂತ ನಿಮ್ಮ ಟ್ರಾನ್ಸ್‌ಫಾರ್ಮರ್ ನಾಳೆ ಹೋಗುತ್ತದೆ ಅಂತಲೂ ಅಲ್ಲ. ತಾಮ್ರದ ಪಟ್ಟಿ ಕಪ್ಪಾಯಿತು ಎಂದರೆ ಎಣ್ಣೆಗೆ ಆ ಗುಣ ಇದೆ ಎಂದಷ್ಟೇ ಅರ್ಥ. 150 ಡಿಗ್ರಿಯಲ್ಲಿ ಎರಡು ದಿನದಲ್ಲಿ ಆದದ್ದು, 60–65 ಡಿಗ್ರಿಯಲ್ಲಿ ಓಡುವ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಷ್ಟೋ ವರ್ಷ ಹಿಡಿಯುತ್ತದೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬ ಅಂದಾಜು ಇಟ್ಟುಕೊಳ್ಳಿ. ಸುಟ್ಟುಹೋದವುಗಳಲ್ಲಿ ಹೆಚ್ಚಿನವು ಹಗಲು ರಾತ್ರಿ ತುಂಬು ಲೋಡ್‌ನಲ್ಲಿ ಬಿಸಿಯಾಗಿಯೇ ಇರುತ್ತಿದ್ದ, ಹೊರಗಾಳಿ ತಾಗದಂತೆ ಮುಚ್ಚಿದ ಘಟಕಗಳು. ನಿಮ್ಮದು ಬ್ರೀದರ್ ಮೂಲಕ ಉಸಿರಾಡುವ ಸಾಮಾನ್ಯ ಕನ್ಸರ್ವೇಟರ್ (ಮೇಲಿನ ಎಣ್ಣೆ ತೊಟ್ಟಿ) ಆಗಿದ್ದರೆ ಅಪಾಯ ಸ್ವಲ್ಪ ಕಮ್ಮಿ. ಕಮ್ಮಿ ಅಂದೆ, ಇಲ್ಲ ಅನ್ನಲಿಲ್ಲ.

ಪಟ್ಟಿಯ ಟೆಸ್ಟ್ ಹೇಗೆ ಮಾಡುತ್ತಾರೆ ಅಂತ ತಿಳಿದಿದ್ದರೆ ಲ್ಯಾಬಿನವರ ಹತ್ತಿರ ಮಾತಾಡುವುದು ಸುಲಭ. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಕಿರಿದಾದ, ತೆಳ್ಳಗಿನ ತಾಮ್ರದ ತುಂಡು. ಅಳತೆ 6 ಮಿ.ಮೀ. ಅಗಲ, 25 ಮಿ.ಮೀ. ಉದ್ದ. 240 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಕೈ ತಾಗಿಸದೆ ಒರೆಸಿ, ‘ವಿ’ ಆಕಾರಕ್ಕೆ ಬಾಗಿಸಿ, ಅಸಿಟೋನ್‌ನಲ್ಲಿ ತೊಳೆದು ಬಾಟಲಿಗೆ ಇಳಿಸುತ್ತಾರೆ. ಬೆರಳಿನ ಗುರುತು ಬಿದ್ದರೂ ಕಲೆ ಕೂರುತ್ತದೆ. ಎಣ್ಣೆ 220 ಮಿ.ಲೀ. ಅದರೊಳಗೆ ಐದು ನಿಮಿಷ ನೈಟ್ರೋಜನ್ ಹಾಯಿಸಿ ಗಾಳಿ ಓಡಿಸಿ, ಬಿರಡೆ ಬಿಗಿದು ಓವನ್‌ಗೆ. 48 ಗಂಟೆ ಕಳೆದು ತೆಗೆದಾಗ ಪಟ್ಟಿಯ ಬಣ್ಣವನ್ನು ಚಾರ್ಟಿನ ಪಕ್ಕ ಹಿಡಿದು ನೋಡುತ್ತಾರೆ. ಕಿತ್ತಳೆ, ಕೆಂಪು, ನೇರಳೆ, ಬೆಳ್ಳಿ, ಹಿತ್ತಾಳೆ, ಕೊನೆಗೆ ನವಿಲುಗರಿಯ ಹಾಗೆ ಕೆಂಪು ಹಸಿರು ಮಿಶ್ರ (ಚಾರ್ಟಿನಲ್ಲಿ 3ಬಿ) ಬಂದರೂ ಪಾಸ್. ಬೂದು ಬಣ್ಣ ಕಾಣಿಸಿಕೊಂಡಲ್ಲಿಂದ ಫೇಲ್ ಶುರು. ದಟ್ಟ ಬೂದು, ಕಡು ಕಂದು, ಮಂಕು ಕಪ್ಪು, ಮಿರಿಮಿರಿ ಕಪ್ಪು, ಇವು 4ಎ, 4ಬಿ, 4ಸಿ. ಚಕ್ಕೆ ಏಳುತ್ತಿದ್ದರೂ ಫೇಲೇ.

3ಬಿ ಮತ್ತು 4ಎ ನಡುವಿನ ಗೆರೆ ಕಣ್ಣಿನ ಲೆಕ್ಕ. ಇಬ್ಬರು ನೋಡಿದರೆ ಎರಡು ಮಾತು ಬರಬಹುದು. ಅದಕ್ಕೇ ಲ್ಯಾಬಿನಿಂದ ‘ಕೊರೋಸಿವ್’ ಎಂಬ ಒಂದು ಪದ ಮಾತ್ರ ತೆಗೆದುಕೊಂಡು ಬರಬೇಡಿ. ಪಟ್ಟಿಯ ನಂಬರ್ ಕೇಳಿ, ಫೋಟೋ ಕೇಳಿ. 4ಎ ಅಂಚಿನಲ್ಲಿದ್ದರೆ ಇನ್ನೊಮ್ಮೆ ಮಾಡಿಸಬೇಕು. 4ಸಿ ಆಗಿದ್ದರೆ ಚರ್ಚೆಯೇ ಬೇಡ.

ಇನ್ನು ಮುಂದಿನ ಹೆಜ್ಜೆ. ಹೊಸದಾಗಿ ಸ್ಯಾಂಪಲ್ ತೆಗೆದು, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೋ ಬೆಂಗಳೂರಿನ ಸಿಪಿಆರ್‌ಐಗೋ (ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ) ಕಳಿಸಿ. ಕಳಿಸುವ ಮೊದಲು ಫೋನ್ ಮಾಡಿ, ಈ ಮೂರು ಟೆಸ್ಟ್ ಅವರಲ್ಲಿ ಆಗುತ್ತದಾ ಅಂತ ಕೇಳಿಕೊಳ್ಳಿ: ಐಇಸಿ 62535 ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಕಾಗದ ಸುತ್ತಿದ ತಾಮ್ರದ ಟೆಸ್ಟ್, ಐಇಸಿ 62697-1 ಪ್ರಕಾರ ಡಿಬಿಡಿಎಸ್ ಎಷ್ಟಿದೆ ಎಂಬ ಅಳತೆ, ಮತ್ತೆ ಐಇಸಿ 60666 ಪ್ರಕಾರ ಪ್ಯಾಸಿವೇಟರ್ (ತಾಮ್ರಕ್ಕೆ ಗಂಧಕ ತಾಗದಂತೆ ಎಣ್ಣೆಗೆ ಸೇರಿಸುವ ರಾಸಾಯನಿಕ) ಎಷ್ಟಿದೆ ಎಂಬ ಅಳತೆ.

ಮೊದಲನೆಯದು 2008ರಲ್ಲಿ ಬಂದದ್ದು. ಅದರಲ್ಲಿ ಬರೀ ಪಟ್ಟಿ ಅಲ್ಲ, ವೈಂಡಿಂಗ್‌ನಲ್ಲಿ ಇರುವ ಹಾಗೆಯೇ ಕ್ರಾಫ್ಟ್ ಕಾಗದ ಸುತ್ತಿದ ತಾಮ್ರದ ಕಂಬಿ. 15 ಮಿ.ಲೀ. ಎಣ್ಣೆಯಲ್ಲಿ 150 ಡಿಗ್ರಿ, 72 ಗಂಟೆ. ಸ್ವಲ್ಪ ಗಾಳಿಯೂ ತಾಗುತ್ತದೆ. ಆಮೇಲೆ ತಾಮ್ರವನ್ನೂ ನೋಡುತ್ತಾರೆ, ಕಾಗದ ಬಿಚ್ಚಿ ಅದನ್ನೂ ನೋಡುತ್ತಾರೆ. ನಮಗೆ ಚಿಂತೆ ಇರುವುದೇ ಕಾಗದದ್ದು ಅಲ್ವಾ, ಹಾಗಾಗಿ ನನಗೆ ಈ ಟೆಸ್ಟ್ ಮೇಲೆ ಭರವಸೆ ಜಾಸ್ತಿ. ಒಂದು ಎಚ್ಚರ: ಇಪ್ಪತ್ತು ವರ್ಷ ಓಡಿದ ಎಣ್ಣೆಯಲ್ಲಿ ಕೆಸರಿನಂಥ ಜಿಡ್ಡೂ ಕಾಗದದ ಮೇಲೆ ಕೂರುತ್ತದೆ. ಅದನ್ನು ಸಲ್ಫೈಡ್ ಅಂತ ತಪ್ಪು ತಿಳಿಯಬಹುದು. ಸಲ್ಫೈಡ್‌ಗೆ ಲೋಹದ ಹೊಳಪು ಇರುತ್ತದೆ. ಸಂಶಯ ಬಂದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಆ ಕಲೆಯಲ್ಲಿ ತಾಮ್ರ, ಗಂಧಕ ಇದೆಯಾ ಅಂತ ನೋಡಿಸಬೇಕು. ಲ್ಯಾಬಿನವರಿಗೆ ಇದು ಹೊಸ ಮಾತಲ್ಲ.

ಎರಡನೆಯದು ಅಂಕಿ ಕೊಡುತ್ತದೆ. ಹೊಸ ಎಣ್ಣೆಯಲ್ಲಿ ಡಿಬಿಡಿಎಸ್ ಪತ್ತೆಯೇ ಆಗಬಾರದು, ಅಂದರೆ ಕೆಜಿಗೆ 5 ಮಿಲಿಗ್ರಾಂಗಿಂತ ಕೆಳಗೆ. ತೊಂದರೆ ಕೊಟ್ಟ ಹಳೆ ಎಣ್ಣೆಗಳಲ್ಲಿ ನೂರರ ಮೇಲೆ ಇದ್ದದ್ದು ಸಾಮಾನ್ಯ.

ಮೂರನೆಯದು ಯಾಕೆಂದರೆ, ಪ್ಯಾಸಿವೇಟರ್ ಹಾಕಿದ ಎಣ್ಣೆ ಪಟ್ಟಿಯ ಟೆಸ್ಟ್‌ನಲ್ಲಿ ಪಾಸಾಗಿಬಿಡುತ್ತದೆ. ಹಿಂದೆ ಯಾರಾದರೂ ಅದನ್ನು ಹಾಕಿದ್ದು, ವರ್ಷ ಕಳೆದ ಹಾಗೆ ಖರ್ಚಾಗಿ ಹೋಗಿದ್ದರೆ, ನಿಮಗೆ ಮೊದಲು ‘ನಾನ್ ಕೊರೋಸಿವ್’ ಬಂದು ಈಗ ‘ಕೊರೋಸಿವ್’ ಬರುವುದಕ್ಕೆ ಅದೂ ಕಾರಣ ಇರಬಹುದು. ಹಳೆ ಮೇಂಟೆನೆನ್ಸ್ ಫೈಲ್ ಹುಡುಕಿ. ಮೂರೂ ಸಲ 48 ಗಂಟೆಯ ಟೆಸ್ಟೇ ಆಗಿದ್ದರೆ ನಾನು ಮೊದಲು ಶಂಕಿಸುವುದು ಇದನ್ನೇ. ಆಮೇಲೆ ನಡುವೆ ಟಾಪ್‌ಅಪ್ ಮಾಡಿದ ಎಣ್ಣೆಯನ್ನು.

ಸ್ಯಾಂಪಲ್ ತೆಗೆಯುವುದರಲ್ಲಿ ಕರಾವಳಿಯವರು ಸ್ವಲ್ಪ ಜಾಸ್ತಿ ಜಾಗ್ರತೆ ಮಾಡಬೇಕು. ಮಳೆ ಬರುವಾಗ ಬೇಡ. ಕೆಳಗಿನ ವಾಲ್ವ್ ಒರೆಸಿ, ಎರಡು ಮೂರು ಲೀಟರ್ ಹೊರಗೆ ಬಿಟ್ಟು, ಆಮೇಲೆ ಹಿಡಿಯಿರಿ. ಕಂದು ಗಾಜಿನ ಬಾಟಲಿ, ಒಂದು ಲೀಟರಿನದ್ದು ಸಾಕು. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಬಸ್ಸಿನಲ್ಲಿ ಕಳಿಸುವುದು ಬೇಡ ಮಾರಾಯ್ರೆ. ರಬ್ಬರ್ ಬಿರಡೆಯಂತೂ ಖಂಡಿತ ಬೇಡ. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಸೇರಿಸಿ. ಆ ಗಂಧಕ ಎಣ್ಣೆಗೆ ಇಳಿದರೆ ಒಳ್ಳೆ ಎಣ್ಣೆಯೂ ಫೇಲ್ ಆದೀತು.

ರಬ್ಬರಿನ ಮಾತು ಬಂದದ್ದರಿಂದ ಫಿಲ್ಟರಿಗೆ ಬರೋಣ. ಫಿಲ್ಟರ್ ಮಷಿನ್ ತೆಗೆಯುವುದು ನೀರು, ಗಾಳಿ, ಕಸ. ಡಿಬಿಡಿಎಸ್ ಎಣ್ಣೆಯಲ್ಲಿ ಪೂರ್ತಿ ಕರಗಿರುವ ವಸ್ತು. ಚಹಾದಲ್ಲಿ ಕರಗಿದ ಸಕ್ಕರೆಯನ್ನು ಸೋಸಿ ತೆಗೆಯಲು ಆಗುತ್ತದಾ? ಎರಡು ದಿನ ಅಲ್ಲ, ಎರಡು ವಾರ ಓಡಿಸಿದರೂ ಅದು ಅಲ್ಲೇ ಇರುತ್ತದೆ. ನಿಮ್ಮ ಬಿಡಿವಿ, ನೀರಿನ ಅಂಶ ಎರಡೂ ಈಗ ಚೆನ್ನಾಗಿರುವಾಗ ಸುಮ್ನೆ ಫಿಲ್ಟರ್ ಮಾಡಿಸುವುದು ದಂಡ. ಅದರ ಮೇಲೆ, ಎಲ್ಲೆಲ್ಲಿಯೋ ಓಡಿ ಬಂದ ಬಾಡಿಗೆ ಮಷಿನ್‌ನ ಮೆದುಗೊಂಡ ರಬ್ಬರ್ ಹೋಸ್, ಹಿಂದಿನ ಕಡೆಯ ಎಣ್ಣೆಯ ಉಳಿಕೆ, ಎರಡೂ ನಿಮ್ಮ ಟ್ಯಾಂಕಿಗೆ ಬರುತ್ತವೆ. ಫುಲ್ಲರ್ಸ್ ಅರ್ತ್ ಎಂಬ ಹೀರುವ ಮಣ್ಣು ಹಾಕಿ ರೀಕ್ಲೇಮ್ ಮಾಡಿಸಿ ಅಂತ ಯಾರಾದರೂ ಅಂದರೆ ಅದಕ್ಕೂ ಒಪ್ಪಬೇಡಿ. ಅದು ಹಳಸಿದ ಎಣ್ಣೆಯ ಆಸಿಡ್ ತೆಗೆಯಲು ಒಳ್ಳೆಯದು. ಡಿಬಿಡಿಎಸ್‌ಗೆ ಅದು ಸಾಲದು. ಎಣ್ಣೆಯಲ್ಲಿ ಪ್ಯಾಸಿವೇಟರ್ ಇದ್ದರೆ ಅದನ್ನೂ ಹೀರಿಬಿಡುತ್ತದೆ. ಅದೇ ಮಣ್ಣನ್ನು ಸುಟ್ಟು ಮತ್ತೆ ಮತ್ತೆ ಬಳಸುವ ಯಂತ್ರಗಳಲ್ಲಿ ಧಾತುರೂಪದ ಗಂಧಕ ಎಣ್ಣೆಗೆ ಸೇರಿ, ಟ್ಯಾಪ್ ಚೇಂಜರ್‌ನ ಬೆಳ್ಳಿ ಲೇಪದ ಕಾಂಟ್ಯಾಕ್ಟ್‌ಗಳು ಕಪ್ಪಾಗಿ ಚಕ್ಕೆ ಎದ್ದ ಪ್ರಕರಣಗಳೂ ಇವೆ.

ಪೂರ್ತಿ ಎಣ್ಣೆ ಬದಲಿಸುವುದು ತಪ್ಪಲ್ಲ, ಆದರೆ ನಿಮ್ಮ ವಿಷಯದಲ್ಲಿ ಅದಕ್ಕೆ ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. ಟ್ಯಾಂಕ್ ಖಾಲಿ ಮಾಡಿದರೂ ಕಾಗದ, ಪ್ರೆಸ್‌ಬೋರ್ಡ್ ಹೀರಿಕೊಂಡ ಎಣ್ಣೆ, ಮೂಲೆಗಳಲ್ಲಿ ನಿಂತದ್ದು ಸೇರಿ ಹತ್ತರಲ್ಲಿ ಒಂದು ಪಾಲಿನಷ್ಟು ಹಳೆಯದು ಒಳಗೇ ಉಳಿಯಬಹುದು. ಡಿಬಿಡಿಎಸ್ 150 ಇದ್ದದ್ದು 15ಕ್ಕೆ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ. ಚೆನ್ನಾಗಿ ತೊಳೆಯದಿದ್ದರೆ ಹೊಸ ಎಣ್ಣೆಯೂ ಟೆಸ್ಟ್‌ನಲ್ಲಿ ಫೇಲ್ ಆಗಬಹುದು. ಈಗಾಗಲೇ ಕಾಗದದ ಮೇಲೆ ಕೂತ ಸಲ್ಫೈಡ್ ಹೊಸ ಎಣ್ಣೆಯಿಂದ ಹೋಗುವುದೂ ಇಲ್ಲ. ಆಸಿಡಿಟಿ 0.05 ಅಂದರೆ ಎಣ್ಣೆಗೆ ಇನ್ನೂ ಆಯುಷ್ಯ ಇದೆ. ಅದನ್ನು ಚೆಲ್ಲುವ ಮೊದಲು ಅಗ್ಗದ ದಾರಿ ನೋಡಬೇಕು.

ಆ ದಾರಿ ಪ್ಯಾಸಿವೇಟರ್. ಬೆಂಜೋಟ್ರಯಜೋಲ್ ಜಾತಿಯ ರಾಸಾಯನಿಕ ಇದು. ಉದ್ಯಮದಲ್ಲಿ ಇರ್ಗಾಮೆಟ್ 39 ಎಂಬ ಹೆಸರು ಎಲ್ಲರಿಗೂ ಗೊತ್ತು. ತಾಮ್ರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪದರ ಕಟ್ಟಿ, ಗಂಧಕ ತಾಗದಂತೆ ಮಾಡುತ್ತದೆ. ರೂಢಿಯ ಪ್ರಮಾಣ ಕೆಜಿ ಎಣ್ಣೆಗೆ 100 ಮಿಲಿಗ್ರಾಂ. ನಿಮ್ಮ 3,500 ಲೀಟರ್ ಅಂದರೆ ಸುಮಾರು 3,080 ಕೆಜಿ. ಹಾಗಾಗಿ ಬೇಕಾಗುವುದು 308 ಗ್ರಾಂ, ಅಷ್ಟೇ. ಅದನ್ನು ನೇರ ಸುರಿಯುವುದಲ್ಲ. ಸ್ವಲ್ಪ ಒಳ್ಳೆ ಎಣ್ಣೆಯಲ್ಲಿ ಮೊದಲು ಕಲಸಿ, ಎಣ್ಣೆಯನ್ನು ಸುತ್ತು ಹೊಡೆಸುತ್ತಾ ಸೇರಿಸಬೇಕು. ಇದಕ್ಕೆ ಮಷಿನ್ ಬೇಕು. ಆಗ ಮಾತ್ರ ಮಷಿನ್ ತರಿಸಿ. ಹೋಸ್ ಎಣ್ಣೆಗೆ ತಕ್ಕ ಜಾತಿಯದ್ದಾ, ಒಳಗೆ ಹಿಂದಿನ ಎಣ್ಣೆ ತೆಗೆದು ತೊಳೆದಿದ್ದಾರಾ ಅಂತ ನೀವೇ ನಿಂತು ನೋಡಿ. ಟ್ರಾನ್ಸ್‌ಫಾರ್ಮರ್ ತಯಾರಕರಿಗೂ ಒಂದು ಪತ್ರ ಬರೆದು ಒಪ್ಪಿಗೆ ಪಡೆಯಿರಿ.

ಪ್ಯಾಸಿವೇಟರ್ ಹಾಕಿದ ಮೇಲೆ ಕೆಲವೊಮ್ಮೆ ಹೈಡ್ರೋಜನ್ ಸ್ವಲ್ಪ ಏರುತ್ತದೆ. ಒಳಗೆ ದೋಷ ಇಲ್ಲದೆಯೂ ಏರುತ್ತದೆ. ಗಾಬರಿ ಬೀಳದಿರಲು ಹಾಕುವ ಮೊದಲೊಂದು, ಹಾಕಿ ತಿಂಗಳಾದ ಮೇಲೊಂದು ಅನಿಲದ ಟೆಸ್ಟ್ ಮಾಡಿಸಿ ಇಟ್ಟುಕೊಳ್ಳಿ. ಪ್ಯಾಸಿವೇಟರ್ ವರ್ಷದಿಂದ ವರ್ಷಕ್ಕೆ ಖರ್ಚಾಗುತ್ತದೆ ಕೂಡ, ಹಳೆ ಎಣ್ಣೆಯಲ್ಲಿ ಇನ್ನೂ ಬೇಗ. ಕೆಜಿಗೆ 70 ಮಿಲಿಗ್ರಾಂ ಮೇಲೆ ನಿಂತಿದ್ದರೆ ನೆಮ್ಮದಿ. 50ಕ್ಕಿಂತ ಕೆಳಗೆ ಬಂದು ಇನ್ನೂ ಇಳಿಯುತ್ತಲೇ ಇದ್ದರೆ ಮತ್ತೆ ಹಾಕಬೇಕು, ಇಲ್ಲವೇ ಆಗ ಎಣ್ಣೆ ಬದಲಿಸುವ ಮಾತಾಡಬೇಕು. ಕೂತ ಸಲ್ಫೈಡನ್ನು ಇದೂ ಕಿತ್ತು ಹಾಕುವುದಿಲ್ಲ. ಮುಂದೆ ಕೂರುವುದನ್ನು ತಡೆಯುತ್ತದೆ.

ಡಿಬಿಡಿಎಸ್ ಇಲ್ಲವೇ ಇಲ್ಲ, ಆದರೂ ಪಟ್ಟಿ ಕಪ್ಪಾಗುತ್ತದೆ ಅಂತ ಬಂದರೆ ನನ್ನ ಸಲಹೆ ಬದಲಾಗುತ್ತದೆ. ಆಗ ಧಾತುರೂಪದ ಗಂಧಕವೋ ಬೇರೆ ಸಂಯುಕ್ತವೋ ಹೊರಗಿಂದ ಸೇರಿದೆ ಎಂದು ಅನುಮಾನಿಸಬೇಕು: ತಪ್ಪು ಗ್ಯಾಸ್ಕೆಟ್, ಹೋಸ್, ಊರು ಪೇರಿಲ್ಲದ ಡ್ರಮ್ಮಿನಿಂದ ಟಾಪ್‌ಅಪ್. ಬೆಳ್ಳಿ ಪಟ್ಟಿಯ ಟೆಸ್ಟ್ ಇದೆ, ಡಿಐಎನ್ 51353, 100 ಡಿಗ್ರಿ, 18 ಗಂಟೆ. ಅದನ್ನು ಮಾಡಿಸಿ. ಫೇಲ್ ಆದರೆ ಟ್ಯಾಪ್ ಚೇಂಜರ್ ಕಾಂಟ್ಯಾಕ್ಟ್ ಬಿಚ್ಚಿ ನೋಡಿ. ಬೆಳ್ಳಿಯ ವಿಷಯದಲ್ಲಿ ಪ್ಯಾಸಿವೇಟರ್ ನಂಬಿ ಕೂರುವ ಹಾಗಿಲ್ಲ. ಅಲ್ಲಿ ತೊಳೆದು ಎಣ್ಣೆ ಬದಲಿಸುವುದೇ ಸರಿ.

ಫಿಶ್‌ಮೀಲ್ ಗಾಳಿ ಇದಕ್ಕೆ ಕಾರಣ ಅಲ್ಲ. ಆ ವಾಸನೆಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ನಿಮ್ಮ ಪ್ಯಾನೆಲ್ಲಿನ ಬಸ್‌ಬಾರ್, ರಿಲೇ ಕಾಂಟ್ಯಾಕ್ಟ್‌ಗಳನ್ನು ಕಪ್ಪು ಮಾಡಬಹುದು. ಅದು ಬೇರೆ ತಾಪತ್ರಯ. ಬ್ರೀದರ್ ಮೂಲಕ ಒಳಗೆ ಹೋಗುವ ಗಾಳಿಯಿಂದ 3,500 ಲೀಟರ್ ಎಣ್ಣೆ ಕೊರೋಸಿವ್ ಆಗುವುದಿಲ್ಲ. ಕರಾವಳಿಯ ಗಾಳಿ ಬೇರೆ ರೀತಿಯಲ್ಲಿ ಕೆಡುಕು ಮಾಡುತ್ತದೆ. ರೇಡಿಯೇಟರ್ ಫಿನ್‌ಗಳ ನಡುವೆ ಉಪ್ಪು, ತುಕ್ಕು, ಧೂಳು ಕಟ್ಟಿಕೊಂಡು ಎಣ್ಣೆ ತಣ್ಣಗಾಗುವುದಿಲ್ಲ. ಎಣ್ಣೆಯ ತಾಪಮಾನ ಐದಾರು ಡಿಗ್ರಿ ಇಳಿಸಿದರೂ ಈ ಕಾಯಿಲೆ ನಿಧಾನವಾಗುತ್ತದೆ. ಆದ್ದರಿಂದ ಫಿನ್ ತೊಳೆಸುವುದು, ಫ್ಯಾನ್ ಇದ್ದರೆ ಓಡುತ್ತಿದೆಯಾ ನೋಡುವುದು, ಲೋಡ್ ಹಂಚುವುದು, ಇವನ್ನೆಲ್ಲ ಲ್ಯಾಬಿನ ಉತ್ತರಕ್ಕೆ ಕಾಯದೆ ಈ ವಾರವೇ ಶುರು ಮಾಡಿ.

ನಿಮ್ಮ ಕೆಲಸಕ್ಕೆ ಒಂದು ಅನುಕೂಲವೂ ಇದೆ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ನಿಷೇಧ. ಆಗ ಫ್ರೀಜರ್ ಲೋಡ್ ಇಳಿದಿರುತ್ತದೆ, ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತದೆ, ಶಟ್‌ಡೌನ್ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಮೇ ತಿಂಗಳ ಒಣ ದಿನಗಳಲ್ಲಿ ಸ್ಯಾಂಪಲ್ ಹಿಡಿದು ಕಳಿಸಿದರೆ ನಿಷೇಧದ ಹೊತ್ತಿಗೆ ಉತ್ತರ ಕೈಯಲ್ಲಿರುತ್ತದೆ. ಪ್ಯಾಸಿವೇಟರ್ ಹಾಕಲು ಟ್ಯಾಂಕ್ ಬಿಚ್ಚಬೇಕಾಗಿಲ್ಲ, ಮುಚ್ಚಿದ ಹೋಸ್‌ನಲ್ಲೇ ಆಗುತ್ತದೆ. ವಾಲ್ವ್ ಜಾಗಕ್ಕೆ ಟಾರ್ಪಾಲು ಕಟ್ಟಿ, ಮಳೆ ಬಿಟ್ಟ ದಿನ ನೋಡಿ ಮಾಡಿಸಿ. ಕೋರ್ ಎತ್ತುವ, ಎಣ್ಣೆ ಖಾಲಿ ಮಾಡುವ ಕೆಲಸ ಬಂದರೆ ಮಾತ್ರ ಮಳೆಗಾಲದಲ್ಲಿ ಬೇಡ, ಡಿಸೆಂಬರ್ ನಂತರ ಇಟ್ಟುಕೊಳ್ಳಿ.

ಇದನ್ನು ಓದುವ ಉಳಿದವರಿಗೆ ಒಂದು ಮಾತು. ಊರಿನ ಬೀದಿಯಲ್ಲಿ, ತೋಟದ ಬದಿಯಲ್ಲಿ ಇರುವ 63, 100 ಕೆವಿಎ ಟಿಸಿಗಳಿಗೆ ಈ ಟೆಸ್ಟ್ ಮಾಡಿಸುವ ಅಗತ್ಯ ಇಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಅಲ್ಯುಮಿನಿಯಂ ವೈಂಡಿಂಗ್. ಅಲ್ಲಿ ಕಾಪರ್ ಸಲ್ಫೈಡ್‌ನ ಮಾತೇ ಬರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಎಣ್ಣೆಯ ಮಟ್ಟ, ಸೋರಿಕೆ, ಬ್ರೀದರ್‌ನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ ಸಿಲಿಕಾ ಜೆಲ್.

ಕೊನೆಗೆ ನಿಮ್ಮ ಸ್ಟೋರಿನವರಿಗೆ ಹೇಳಿ: ಇನ್ನು ಟಾಪ್‌ಅಪ್‌ಗೆ ಒಂದೇ ಡ್ರಮ್ ತರಿಸಿದರೂ ಐಎಸ್ 335ರ 2018ರ ಆವೃತ್ತಿ ಪ್ರಕಾರದ ಎಣ್ಣೆ ಎಂದು ಆರ್ಡರ್‌ನಲ್ಲಿ ಬರೆಯಲಿ. ಡಿಬಿಡಿಎಸ್ ಪತ್ತೆಯಾಗಿಲ್ಲ, 62535 ಟೆಸ್ಟ್ ಪಾಸ್ ಎಂಬ ಎರಡು ಸಾಲು ಆ ಬ್ಯಾಚಿನ ಸರ್ಟಿಫಿಕೇಟ್‌ನಲ್ಲಿ ಇರಲಿ. ಬ್ಯಾಚ್ ನಂಬರ್ ಡ್ರಮ್ಮಿನ ಮೇಲಿನದಕ್ಕೆ ಹೊಂದದಿದ್ದರೆ ಸೀಲ್ ಒಡೆಯದೆ ವಾಪಸ್ ಕಳಿಸಿ. ಡಿಬಿಡಿಎಸ್ ಅಂಕಿ ಬಂದ ಮೇಲೆ, ಪಟ್ಟಿಯ ಫೋಟೋ ಸಮೇತ ಮತ್ತೆ ಬರೆಯಿರಿ. ಮೇ ತಿಂಗಳ ಮಧ್ಯಾಹ್ನ ಎಣ್ಣೆಯ ತಾಪಮಾನ ಎಷ್ಟಿರುತ್ತದೆ ಎಂಬುದನ್ನೂ ಅದರಲ್ಲಿ ಸೇರಿಸಿ.